ಗಾಣದ ವೈಜಿನಾಥಪ್ಪ ಎದೆ ತೆರೆದು ಆಡಿದ್ದು

ಹಿಂದೂಸ್ತಾನದ ಕ್ರಿಕೆಟ್ ತಂಡ ಈ ಬೇಸಿಗೆಗೆ ಮತ್ತೆ ವಿಲಾಯತಿಗೆ ಹೊರಟಿದೆ. ದೊಡ್ಡ ಯುದ್ಧ ಮುಗಿದ ಮೇಲೆ ಇದೇ ಮೊದಲ ಸಲ. ತಾಂಡೂರು ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಸಂಜೆ ಸೇರುವ ನಮ್ಮ ಜನಕ್ಕೆ ಈಗ ಬೇರೆ ಮಾತಿಲ್ಲ. ಈ ಸಲ ನಮ್ಮವರು ಹೆದರಿ ಆಡುವುದಿಲ್ಲವಂತೆ, ಮುನ್ನುಗ್ಗಿ ಹೊಡೆಯುತ್ತಾರಂತೆ. ಬ್ಯಾಟನ್ನು ಯಾವ ತುದಿಯಿಂದ ಹಿಡಿಯಬೇಕೆಂದು ಗೊತ್ತಿಲ್ಲದವರೂ ಹೀಗೆ ಹೇಳುತ್ತ ತೊಡೆ ತಟ್ಟುತ್ತಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಹೊಡೆಯುವುದು ಅಂದರೆ ಏನು, ಅದಕ್ಕೆ ಮೊದಲು ಎಷ್ಟು ಗಂಟು ಬಿಚ್ಚಬೇಕು ಎಂಬುದು ಇವರಿಗೇನು ಗೊತ್ತು? ಗೊತ್ತಿರುವವನು ಊರಲ್ಲಿ ಒಬ್ಬನಿದ್ದಾನೆ. ಅವನು ಬೇವಿನ ಮರದ ಕಡೆ ಬರುವುದೇ ಕಡಿಮೆ. ಹಾಗಾಗಿ ಅವನ ಬಗ್ಗೆ ನಾನೇ ಬರೆಯಬೇಕಾಗಿದೆ.

ನಾನು ಆತ್ಮಾರಾಮ, ಬಜಾರಿನ ದರ್ಜಿ. ತಾಂಡೂರು ತಂಡದಲ್ಲಿ ಮೊದಲು ಆಡಲು ಇಳಿಯುತ್ತಿದ್ದ ಇಬ್ಬರಲ್ಲಿ ನಾನೊಬ್ಬ. ಇನ್ನೊಬ್ಬ ಗಾಣದ ವೈಜಿನಾಥಪ್ಪ. ನಾನು ಬಂದ ಚೆಂಡಿಗೆಲ್ಲ ಬ್ಯಾಟು ಬೀಸಿ ಬೇಗ ಔಟಾಗಿ ಮರದ ನೆರಳಿಗೆ ಹೋಗುವವನು. ಅವನು ಬೆಳಗ್ಗೆ ನಿಂತರೆ ಊಟದ ಹೊತ್ತಿನವರೆಗೂ ನಿಲ್ಲುವವನು. ಔಟಾಗುತ್ತಿರಲಿಲ್ಲ, ನಿಜ. ಆದರೆ ರನ್ನೂ ಆಗುತ್ತಿರಲಿಲ್ಲ. ನೋಡಲು ಬಂದ ಜನ 'ಗಾಣದೆತ್ತು, ಗಾಣದೆತ್ತು' ಎಂದು ಕೂಗುತ್ತಿದ್ದರು. ಅವನು ಕೋಪ ಮಾಡಿಕೊಳ್ಳುತ್ತಿರಲಿಲ್ಲ. ಅವನ ಪರವಾಗಿ ಅದನ್ನೂ ನಾನೇ ಮಾಡಬೇಕಾಗುತ್ತಿತ್ತು.

ಅವನು ಆಟಕ್ಕೆ ಬಂದದ್ದು ಎಣ್ಣೆಯ ದಾರಿಯಿಂದ. ಅವರ ಮನೆಯ ಗಾಣದಲ್ಲಿ ವರ್ಷವೆಲ್ಲ ಕುಸುಬಿ, ಹಂಗಾಮಿನಲ್ಲಿ ಅಗಸಿ. ಕಲ್ಲಿನ ಖಣಿಯ ಸಾಹೇಬರ ಕ್ಲಬ್ಬಿನಲ್ಲಿ ಬ್ಯಾಟುಗಳಿಗೆ ಹಚ್ಚಲು ಅಗಸಿ ಎಣ್ಣೆ ಬೇಕಾಗಿತ್ತು. ವೈಜಿನಾಥ ಒಂದು ತಂಬಿಗೆ ಎಣ್ಣೆ ಒಯ್ದವನು ಸಂಜೆಯವರೆಗೂ ಅಲ್ಲೇ ನಿಂತು ಆಟ ನೋಡಿದ. ಮರುವಾರ ಕೇಳದಿದ್ದರೂ ಎಣ್ಣೆ ಒಯ್ದ. ಕೊನೆಗೆ ಅವರು ಒಂದು ಸೀಳಿದ ಬ್ಯಾಟನ್ನು ಅವನ ಕೈಗೆ ಹಾಕಿದರು. ಅದಕ್ಕೆ ಹುರಿ ಸುತ್ತಿ, ಎಣ್ಣೆ ಕುಡಿಸಿ, ಮಗುವಿನ ಹಾಗೆ ಸಾಕಿದ. ನಮ್ಮ ಊರಿನ ತಂಡ ಕಟ್ಟಿದಾಗ ಸ್ವಂತ ಬ್ಯಾಟು ಇದ್ದವನು ಅವನೊಬ್ಬನೇ, ಅದಕ್ಕೇ ಮೊದಲು ಇಳಿಯುವ ಮರ್ಯಾದೆ ಅವನಿಗೆ ಸಿಕ್ಕಿತು.

ಅವನ ತಾಯಿ ಈರಮ್ಮನಿಗೆ ಈ ಆಟ ಕಂಡರೆ ಆಗುತ್ತಿರಲಿಲ್ಲ. ಚರ್ಮದ ಚೆಂಡು ಮುಟ್ಟಿ ಬಂದವನು ಹಿತ್ತಿಲ ಬಾವಿಯ ಹತ್ತಿರ ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಬರಬೇಕು. ಪುಷ್ಯದ ಚಳಿಯಲ್ಲೂ ಅದಕ್ಕೆ ಮಾಫಿ ಇರಲಿಲ್ಲ. ಅದನ್ನು ಅವನು ನಗುತ್ತಲೇ ಸಹಿಸುತ್ತಿದ್ದ. ಕಷ್ಟವಿದ್ದದ್ದು ಬೇರೆ ಕಡೆ. ಅವನ ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವಿತ್ತು.

ಲಿಂಗವಂತರ ಮನೆಯಲ್ಲಿ ಹುಟ್ಟಿದವನಿಗೆ ಅದು ಇರುವುದೇ. ಆದರೆ ಈರಮ್ಮನ ಮನೆಯಲ್ಲಿ ಅದರ ಹಿಂದೆ ಒಂದು ಕಥೆ ಇತ್ತು. ಅವಳ ಗಂಡ ಶಿವಶಂಕರಪ್ಪ ಒಂದು ಮಳೆಗಾಲದಲ್ಲಿ ಎತ್ತುಗಳನ್ನು ಈಜಿಸಿಕೊಂಡು ಕಾಗಿಣಾ ಹೊಳೆ ದಾಟುತ್ತಿದ್ದಾಗ ಕೊರಳಿನ ಶಿವದಾರ ಹರಿದು ಲಿಂಗ ಹೊಳೆ ಪಾಲಾಯಿತು. ಎತ್ತುಗಳು ದಡ ಸೇರಿದವು, ಅವನೂ ಸೇರಿದ. ಆದರೆ ಬರಿಗೊರಳಲ್ಲಿ ಮನೆಗೆ ಬಂದು ಹೊಸ್ತಿಲ ಹೊರಗೇ ಕೂತು ಅತ್ತನಂತೆ. ಮಠದ ಅಯ್ಯನವರು ಬೇರೆ ಲಿಂಗ ಕಟ್ಟಿದರು. ಆದರೂ ಆ ತಿಂಗಳು ಕಳೆಯುವುದರೊಳಗೆ ಜ್ವರ ಬಂದು ತೀರಿಕೊಂಡ. ಡಾಕ್ಟರು ಮಲೇರಿಯಾ ಎಂದರು. ಈರಮ್ಮ ಡಾಕ್ಟರ ಮಾತನ್ನು ಕೇಳಿಸಿಕೊಂಡಳು, ನಂಬಲಿಲ್ಲ. ಅಂದಿನಿಂದ ಮಗನ ಎದೆಯ ಮೇಲಿನ ಆ ಕರಡಿಗೆಯೇ ಅವಳಿಗೆ ಮಗನ ಜೀವ.

ಒಮ್ಮೆ ವಿಕಾರಾಬಾದಿನವರ ಜೊತೆ ಆಡುವಾಗ ಚೆಂಡು ಪುಟಿದು ನೇರ ಅವನ ಎದೆಗೆ ಬಡಿದು ಕರಡಿಗೆ ನೆಗ್ಗಿತು. ಅಯ್ಯನವರು ಬಂದು ಅದನ್ನು ಬಿಡಿಸಿ, ಒಳಗೆ ಲಿಂಗ ಸುರಕ್ಷಿತವಾಗಿದೆ ಎಂದು ಹೇಳುವವರೆಗೂ ಈರಮ್ಮ ಹನಿ ನೀರು ಮುಟ್ಟಲಿಲ್ಲ. ಆಮೇಲೆ ಮಗನಿಂದ ಮಾತು ತೆಗೆದುಕೊಂಡಳು.

"ಆಡಬ್ಯಾಡ ಅನ್ನಲ್ಲ. ಆದ್ರ ಚೆಂಡಿಗಿ ಎದಿ ತೋರಿಸಬ್ಯಾಡ. ನನ್ನ ಮ್ಯಾಲ ಆಣಿ."

ಅವನ ಆಟವೆಲ್ಲ ಹುಟ್ಟಿದ್ದು ಆ ಮಾತಿನಿಂದ. ಚೆಂಡು ಎದೆಯ ಮಟ್ಟಕ್ಕೆ ಎದ್ದಿತೆಂದರೆ ಸಾಕು, ಎರಡೂ ಮೊಳಕೈಗಳನ್ನು ಮೈಗೆ ಒತ್ತಿ, ಬ್ಯಾಟನ್ನು ಕರಡಿಗೆಯ ಮುಂದೆ ನೆಟ್ಟಗೆ ಹಿಡಿದು, ಚೆಂಡನ್ನು ಕಾಲ ಬುಡಕ್ಕೆ ಬೀಳಿಸುತ್ತಿದ್ದ. ಬ್ಯಾಟು ತಿರುಗಿಸಿ ಹೊಡೆಯಬೇಕೆಂದರೆ ಎದೆ ತೆರೆಯಬೇಕಲ್ಲ, ಅದು ಅವನಿಗೆ ಇಲ್ಲ. ನಾವೆಲ್ಲ ಬಲ್ಲ ಸಂಗತಿ ಇದು. ನಮ್ಮ ಎದುರಾಳಿಗಳೂ ಬಲ್ಲರು.

ಹತ್ತು ವರ್ಷದ ಹಿಂದಿನ ಶ್ರಾವಣದಲ್ಲಿ ಹಿಂದೂಸ್ತಾನದ ತಂಡ ವಿಲಾಯತಿಯಲ್ಲಿ ಆಡುತ್ತಿತ್ತು. ಮೊದಲ ಪಂದ್ಯ ಸೋತಿದ್ದರು. ಮುಂಬಯಿಯ ಪೇಪರು ರೈಲಿನಲ್ಲಿ ಬರುತ್ತಿತ್ತು. ಸ್ಟೇಷನ್ನಿನಲ್ಲಿ ತಂತಿ ಕಳಿಸುವ ತಾರ್ ಬಾಬು ಅದನ್ನು ಓದಿ ನಮಗೆ ದಖನಿ ಉರ್ದುವಿನಲ್ಲಿ ಹೇಳುತ್ತಿದ್ದ. ಒಂದು ದಿನ ಪೇಪರು ಬಿಡಿಸಿದವನು ಕುರ್ಚಿಯ ಮೇಲೆಯೇ ಹತ್ತಿ ನಿಂತ. ಎರಡನೇ ಪಂದ್ಯದಲ್ಲಿ ನಮ್ಮವರು ಬಹಳ ಹಿಂದೆ ಬಿದ್ದಿದ್ದರಂತೆ, ಇನ್ನು ಸೋಲುವುದೊಂದೇ ಬಾಕಿ. ಅಂಥ ಹೊತ್ತಿನಲ್ಲಿ ಮೊದಲ ಇಬ್ಬರು ಇಳಿದು, ತಡೆಯುವುದನ್ನು ಬಿಟ್ಟು ಹೊಡೆಯಲು ಶುರು ಮಾಡಿದ್ದರು. ಹೊತ್ತು ಮುಳುಗುವ ಹೊತ್ತಿಗೆ ನೂರ ತೊಂಬತ್ತು ರನ್, ಒಬ್ಬನೂ ಔಟಿಲ್ಲ.

"ದೋನೋಂ ನಾಟೌಟ್! ಗೋರೇ ಲೋಗಾಂ ದೇಖ್ತೇಚ್ ರಹ್ ಗಯೇ!" ಎಂದು ಬಾಬು ಕೂಗಿದ. ಬಿಳಿಯರು ಬರೀ ನೋಡುತ್ತಲೇ ಉಳಿದರಂತೆ. ನಾವು ಬೇವಿನ ಮರದ ಕೆಳಗೆ ಕುಣಿದೆವು. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮವರೂ ಹೀಗೆ ಆಡಬಲ್ಲರು ಎಂದು ನಾನು ಅಲ್ಲಿಯವರೆಗೆ ಬಾಯಲ್ಲಿ ಹೇಳಿದ್ದೆನೇ ಹೊರತು ಒಳಗೆ ನಂಬಿರಲಿಲ್ಲ.

ವೈಜಿನಾಥ ಮಾತ್ರ ಕುಣಿಯಲಿಲ್ಲ. ಅವನ ಬಲಗೈ ತಾನಾಗಿ ಗಾಳಿಯಲ್ಲಿ ಸುತ್ತು ಹೊಡೆಯಿತು, ಮತ್ತೆ ಎದೆಯ ಮೇಲೆ ಬಂದು ನಿಂತಿತು.

ನಮ್ಮ ಕಪ್ತಾನ ಮಾಣಿಕಪ್ಪ ಹಾಸುಗಲ್ಲಿನ ವ್ಯಾಪಾರಿ. ಹೊಸದೇನು ಕಂಡರೂ ಮೊದಲು ತನ್ನ ಮನೆಗೇ ಬರಬೇಕು ಎನ್ನುವ ಮನುಷ್ಯ. ಅದೇ ವಾರ ಎಲ್ಲರನ್ನೂ ಕೂಡಿಸಿ ಫರ್ಮಾನು ಹೊರಡಿಸಿದ. "ಇನ್ನ ಮ್ಯಾಲ ನಮ್ಮ ಆಟಾನೂ ಹಂಗೇ. ತಡಿಯೋದು ಬಂದ್. ದೀಪಾವಳಿ ಆದ ಮ್ಯಾಲ ಜಹೀರಾಬಾದಿನವರ ಕೂಡ ಪಂದ್ಯ ಅದ. ಹೊಡಿಯಾಂವ ಬರಲಿ, ಹೊಡಿಲಾರದಾಂವ ಮನ್ಯಾಗ ಇರಲಿ."

ಎಲ್ಲರೂ ವೈಜಿನಾಥನ ಕಡೆ ನೋಡಿದರು.

"ಅವ್ವಗ ಮಾತು ಕೊಟ್ಟೀನ್ರಿ" ಎಂದ ಅವನು.

"ಹಂಗಿದ್ರ ಅವ್ವನ ಮಾತು ಇಟ್ಕೋ, ಬ್ಯಾಟು ಇನ್ನೊಬ್ಬನಿಗಿ ಕೊಡು."

ಬ್ಯಾಟನ್ನು ಅವನು ಯಾರಿಗೂ ಕೊಡಲಿಲ್ಲ. ಮನೆಗೆ ಒಯ್ದು ಅಟ್ಟದ ಮೇಲೆ ಹಿಂಡಿಯ ಚೀಲಗಳ ಹಿಂದೆ ಇಟ್ಟುಬಿಟ್ಟ.

ಸ್ವಲ್ಪ ದಿನದ ಮೇಲೆ ಈರಮ್ಮನ ಕುಪ್ಪಸ ಹೊಲಿದು ಕೊಡಲು ಹೋದೆ. ವೈಜಿನಾಥ ಗಾಣದ ಎತ್ತಿನ ಹಿಂದೆ ನಡೆಯುತ್ತಿದ್ದ. ನನ್ನನ್ನು ಕಂಡು ತಲೆಯಾಡಿಸಿದ, ಅಷ್ಟೇ. ಈರಮ್ಮ ಕುಪ್ಪಸ ನೋಡಲೂ ಇಲ್ಲ.

"ಇವಗೇನಾಗ್ಯದ, ಆತ್ಮಾರಾಮ? ನೀಡಿದಷ್ಟೇ ಉಣ್ತಾನ. ರೊಟ್ಟಿ ಬೇಕೇನು ಅಂದ್ರ ಬ್ಯಾಡ. ಸುಗಲಾಬಾಯಿ ಕೇಳಿದ್ರೂ ಹೇಳಲ್ಲ, ನಾ ಕೇಳಿದ್ರೂ ಹೇಳಲ್ಲ."

ಸುಗಲಾಬಾಯಿ ಅವನ ಹೆಂಡತಿ. ಅವಳು ಬಾಗಿಲ ಹಿಂದೆ ನಿಂತು ನನಗೆ, ಹೇಳು ಹೇಳು ಎಂದು ಸನ್ನೆ ಮಾಡಿದಳು. ನನಗೆ ಸನ್ನೆಯೇ ಬೇಕಿರಲಿಲ್ಲ. ತುಂಬಿ ಬಂದಿದ್ದೆ, ಒಂದೂ ಬಿಡದೆ ಎಲ್ಲ ಹೇಳಿದೆ. ವಿಲಾಯತಿಯ ಸುದ್ದಿ ಹೇಳಿದೆ, ಕಪ್ತಾನನ ಫರ್ಮಾನು ಹೇಳಿದೆ. ನಿಮ್ಮ ಆಣೆಯಿಂದಲೇ ಅವನು ಮೂಲೆಗೆ ಬಿದ್ದಿದ್ದಾನೆ ಎಂದೂ ಹೇಳಿದೆ. ಕೊನೆಯ ಮಾತು ಸ್ವಲ್ಪ ಜೋರಾಗಿಯೇ ಬಂತು.

ಮುದುಕಿ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಗಾಣದ ಕಡೆ ತಿರುಗಿ ಮಗನನ್ನು ನೋಡಿದಳು. ಆಮೇಲೆ ಕೇಳಿದಳು, "ಅವರು ಅಲ್ಲಿ ಹೊಡೆದದ್ದು ಯಾವ ವಾರ?"

"ಸೋಮವಾರ."

"ಶ್ರಾವಣ ಸೋಮವಾರ?"

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಅದೇ ಆಗಿತ್ತು.

"ಶಿವನ ದಿನ ಹೊಡೆದಾರ" ಎಂದಳು ಈರಮ್ಮ. "ಬ್ಯಾಡ ಅನ್ನಬೇಕಂದ್ರ ಶಿವ ಆವತ್ತೇ ಅಂತಿದ್ದ." ಆಮೇಲೆ ಅವಳ ದನಿ ಒಡೆಯಿತು. "ನಾನೇ ಹೆದರಿಸಿ ಹೆದರಿಸಿ ನನ್ನ ಮಗನ ಎದಿ ಮುಚ್ಚಿಬಿಟ್ಟೆ ನೋಡು. ಸಣ್ಣಾಂವ ಇದ್ದಾಗ ಹೊಳಿಗಿ ಬಿಡಲಿಲ್ಲ, ಮರ ಹತ್ತಾಕ ಬಿಡಲಿಲ್ಲ. ಒಂದಿನಾನೂ ಎದುರು ಮಾತಾಡಿಲ್ಲ ಅವ. ಒಂದಿನ ಎದುರು ಆಡಿದ್ರ ಛಲೋ ಇತ್ತು."

ಮರುದಿನ ಅವಳು ಮಠಕ್ಕೆ ಹೋದಳು. ಲಿಂಗ ಎದೆಯ ಮೇಲೆಯೇ ಇರಬೇಕೇನು ಎಂದು ಅಯ್ಯನವರನ್ನು ಕೇಳಿದಳು. ಅವರು ನಕ್ಕು, ತಲೆಯ ಮೇಲೆ, ಕೊರಳಲ್ಲಿ, ತೋಳಲ್ಲಿ, ಕಂಕುಳಲ್ಲಿ ಎಲ್ಲಿ ಬೇಕಾದರೂ ಧರಿಸಬಹುದು, ಹೊಕ್ಕುಳ ಕೆಳಗೆ ಮಾತ್ರ ಬರಬಾರದು ಎಂದರಂತೆ. ಅಷ್ಟು ವರ್ಷ ಯಾರೂ ಹೋಗಿ ಕೇಳಿರಲಿಲ್ಲ. ನಮ್ಮ ಊರಿನ ರೀತಿಯೇ ಹಾಗೆ, ಹೆದರುವುದಕ್ಕೆ ಯಾರನ್ನೂ ಕೇಳುವುದಿಲ್ಲ.

ಎಡ ತೋಳು ಚೆಂಡಿನ ಕಡೆಗೆ ಇರುತ್ತದೆ, ಬೇಡ. ತಲೆಯಂತೂ ಬೇಡವೇ ಬೇಡ. ಬಲ ಕಂಕುಳು ಎಂದು ತೀರ್ಮಾನವಾಯಿತು. ಓಡುವಾಗ ಜೋಲಾಡಬಾರದು, ಹಾಗಾಗಿ ಬನಿಯನ್ನಿನ ಒಳಗೆ ಒಂದು ಗಟ್ಟಿ ಚೀಲ ಹೊಲಿಯುವ ಕೆಲಸ ನನಗೆ ಬಂತು. ಅಳತೆ ಹೇಗೆ? ಗುರುವಿನ ಹೊರತು ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಅವನು ಅದನ್ನು ಮೈಯಿಂದ ಅಗಲಿಸುವಂತಿಲ್ಲ. ಈರಮ್ಮ ಒಳಗೆ ಹೋಗಿ ಕಣಕ ಕಲಸಿ, ಕರಡಿಗೆಯ ಗಾತ್ರಕ್ಕೆ ಸರಿಯಾಗಿ ಒಂದು ಉಂಡೆ ಮಾಡಿ ತಂದು ನನ್ನ ಅಂಗೈಯಲ್ಲಿಟ್ಟಳು.

"ಇದರ ಅಳತಿಗಿ ಹೊಲಿ. ಹೊಲಿಗಿ ಬಿಗಿ ಇರಲಿ."

ಎರಡೆಳೆ ದಾರ ಹಾಕಿ ಹೊಲಿದೆ. ಮದುವೆಯ ಶೇರ್ವಾನಿಗೂ ನಾನು ಅಷ್ಟು ಜೀವ ಹಾಕಿರಲಿಲ್ಲ. ಈರಮ್ಮ ಹೊಲಿಗೆಯನ್ನು ಜಗ್ಗಿ ಜಗ್ಗಿ ನೋಡಿ, ಮಗನನ್ನು ಕರೆದು, ತಾನು ಹಾಕಿದ್ದ ಆಣೆಯನ್ನು ತಾನೇ ಬಿಡಿಸಿದಳು. ಅವನು ಬಗ್ಗಿ ಅವಳ ಕಾಲು ಮುಟ್ಟಿದ. ಆಮೇಲೆ ಅಟ್ಟ ಹತ್ತಿದ.

ಈ ನಡುವೆ ವಿಲಾಯತಿಯಿಂದ ಕೊನೆಯ ಪಂದ್ಯದ ಸುದ್ದಿ ಬಂತು. ನಮ್ಮವರು ಸೋತಿದ್ದರು. ಬೇವಿನ ಮರದ ಕೆಳಗಿನ ಜನ ಒಂದೇ ಸಂಜೆಯಲ್ಲಿ ತಿರುಗಿಬಿದ್ದರು. ಹೊಡೆಯುವುದೆಲ್ಲ ನಮಗೆ ಹೇಳಿದ್ದಲ್ಲ, ಮರ್ಯಾದೆಯಿಂದ ತಡೆದುಕೊಂಡು ಇರಬೇಕು ಎಂದು ಕುಣಿದವರೇ ಹೇಳಿದರು. ನಾನು ಅದನ್ನು ಬೇಸರದಿಂದ ಈರಮ್ಮನಿಗೆ ಹೇಳಿದೆ.

"ಸೋತ್ರ ಸೋಲಲಿ ಬಿಡು" ಎಂದಳು ಅವಳು. "ಹೆದರಿದ್ರೇನು? ಇಲ್ಲಲ್ಲ."

ದೀಪಾವಳಿ ಕಳೆದ ಮೇಲೆ ಜಹೀರಾಬಾದಿಗೆ ಹೊರಟೆವು. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಹೋಗಬೇಕು. ವೈಜಿನಾಥ ಹೊಡೆಯುತ್ತಾನೆ ಎಂದು ನಾನು ಹೊಣೆ ಹೊತ್ತ ಮೇಲೆ ಮಾಣಿಕಪ್ಪ ಅವನನ್ನು ಸೇರಿಸಿಕೊಂಡಿದ್ದ. ಈರಮ್ಮ, ಸುಗಲಾಬಾಯಿ ಇಬ್ಬರೂ ಜೊತೆಗೆ ಬಂದರು. ಈರಮ್ಮನ ತವರು ನಾರಾಯಣಖೇಡ. ಆಟದ ದಿನವೇ ಮಧ್ಯಾಹ್ನ ಜಹೀರಾಬಾದಿನಿಂದ ಎತ್ತಿನ ಗಾಡಿ ಹಿಡಿದು ಅಲ್ಲಿಗೆ ಹೋಗುವುದೆಂದು ಅವಳ ವಿಚಾರ. ಆಟ ನೋಡುವುದಕ್ಕೆ ಅಂತ ಬಂದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದಳು.

ಅಲ್ಲಿನ ಬಯಲಿನ ಅಂಚಿನಲ್ಲಿ ಒಂದು ಹುಣಸೆ ಮರವಿತ್ತು. ಅವಳು ಅದರ ಕೆಳಗೆ ಆಟಕ್ಕೆ ಬೆನ್ನು ಮಾಡಿ ಕೂತಳು.

ಜಹೀರಾಬಾದಿನ ವೇಗದ ಬೌಲರ್ ಗಂಗಾರಾಮ, ರಾಯಿಕೋಡಿನ ರೈತ. ಉದ್ದನೆಯ ಆಳು, ಒಳ್ಳೆಯ ಮನುಷ್ಯ, ಆದರೆ ಅವನ ಚೆಂಡು ಎದೆಗೇ ಏಳುತ್ತಿತ್ತು. ಓಡಲು ಶುರು ಮಾಡುವ ಮೊದಲು ವೈಜಿನಾಥನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ವೈಜಿನಾಥಪ್ಪೋರೆ, ಲಿಂಗ ಎಲ್ಲಿ ಕಟ್ಕೊಂಡೀರಿ? ನಾ ಜೋರ್ ಹಾಕಾಂವ ಇದ್ದೀನಿ."

"ಬಲ ಕಂಕಳಾಗ ಅದ. ನಿನಗ ತಿಳಿದಂಗ ಹಾಕು, ಫಿಕರ್ ಮಾಡಬ್ಯಾಡ."

ಗಂಗಾರಾಮನ ಮುಖ ಅರಳಿತು. ಮೊದಲ ಚೆಂಡು ಎದೆಗೆ ಎದ್ದಿತು. ವೈಜಿನಾಥನ ಮೊಳಕೈಗಳು ತಾವಾಗಿ ಒಳಗೆ ಬಂದವು, ಚೆಂಡು ಕಾಲ ಬುಡಕ್ಕೆ ಬಿತ್ತು. ಎರಡನೆಯದೂ ಹಾಗೆಯೇ. ಜನ ಹಳೆಯ ಹೆಸರು ಹಿಡಿದು ಕೂಗತೊಡಗಿದರು. ಅವನು ರೂಢಿಯಂತೆ ಎದೆ ಮುಟ್ಟಿಕೊಂಡ. ಅಲ್ಲಿ ಏನೂ ಇರಲಿಲ್ಲ. ಅವನ ಮುಖ ಸುಣ್ಣವಾಯಿತು. ನಾನು ಆಚೆ ತುದಿಯಿಂದ ಓಡಿಹೋಗಿ ಅವನ ಬಲ ತೋಳು ಹಿಡಿದು ಮೈಗೆ ಒತ್ತಿದೆ.

"ಇಲ್ಲೇ ಅದನೋ, ಇಲ್ಲೇ ಅದ. ನನ್ನ ಹೊಲಿಗಿ ಹರಿಯಲ್ಲ."

ಅವನು ಉಸಿರು ಬಿಟ್ಟ. ಮೂರನೆಯ ಚೆಂಡೂ ಎದೆಗೆ ಬಂತು. ಅವನು ಒಂದು ಕಾಲು ಹಿಂದಿಟ್ಟು, ಎದೆಯನ್ನು ಪೂರಾ ಚೆಂಡಿನ ಕಡೆ ತಿರುಗಿಸಿ, ಬ್ಯಾಟು ಬೀಸಿದ. ಚೆಂಡು ಜನರ ತಲೆಯ ಮೇಲಿಂದ ಹಾರಿ ಆಚೆಯ ಜೋಳದ ಹೊಲದಲ್ಲಿ ಬಿತ್ತು. ಆಮೇಲೆ ಎದ್ದ ಗದ್ದಲದಲ್ಲಿ ಜಹೀರಾಬಾದಿನವರು ಯಾರು ತಾಂಡೂರಿನವರು ಯಾರು ಗೊತ್ತಾಗಲಿಲ್ಲ.

ಹಾಗೇ ಹೊಡೆಯುತ್ತ ಹೋದ ಎಂದು ಬರೆಯಲು ನನಗೂ ಆಸೆ. ಮುಂದಿನ ಚೆಂಡಿಗೆ ಅದೇ ಹುರುಪಿನಲ್ಲಿ ಬೀಸಿದ, ಅದು ಆಕಾಶಕ್ಕೆ ಹೋಗಿ ಇಳಿದು ಒಬ್ಬನ ಕೈಯಲ್ಲಿ ಕೂತಿತು. ಔಟ್.

ಗದ್ದಲ ಕೇಳಿ ಈರಮ್ಮ ಸೊಸೆಯನ್ನು ಏನಾಯಿತೆಂದು ಕೇಳಿ, ಮೊಣಕಾಲು ಹಿಡಿದುಕೊಂಡು ಎದ್ದು, ಈ ಕಡೆ ತಿರುಗುವಷ್ಟರಲ್ಲಿ ಮಗ ತಲೆ ತಗ್ಗಿಸಿ ವಾಪಸು ಬರುತ್ತಿದ್ದ.

"ಹೊಡೆದ ಅಂದಿ. ಯಾಕ ಬರ್ಲತ್ತಾನ?"

"ಹೊಡೆದ್ರು ಅತ್ತಿ. ಮತ್ತ ಔಟ್ ಆದ್ರು" ಎಂದಳು ಸುಗಲಾಬಾಯಿ.

"ಅವ್ವಾ, ಒಂದೇ ಹೊಡೆದೆ" ಎಂದ ವೈಜಿನಾಥ. ಅಳುವುದೊಂದು ಬಾಕಿ.

ಅವಳು ಅವನ ಕಂಕುಳಿನ ಹತ್ತಿರ ಅಂಗಿಯ ಮೇಲಿಂದಲೇ ಕೈಯಾಡಿಸಿ ನೋಡಿದಳು. "ಸುದ್ದಾಗಿ ಅದ. ನಾ ನೋಡಲಿಲ್ಲ, ಮತ್ತೊಂದು ಹೊಡಿ ಹೋಗು."

ಔಟಾದರೆ ಮತ್ತೆ ಹೋಗುವಂತಿಲ್ಲ ಎಂದು ನಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲ. ಇದೆಂಥ ಕಾಯಿದೆ ಎಂದಳು. ನಾಳೆ ಎರಡನೇ ಸರತಿ ಇದೆ ಎಂದ ಮೇಲೆ ಸಮಾಧಾನವಾಯಿತು.

"ಹಂಗಿದ್ರ ಗಾಡಿಯಾವಗ ಹೇಳ್ರಿ, ನಾಳಿ ಹೊತ್ತು ಮುಳುಗಾಕ ಹೂಡಲಿ."

ಮರುದಿನ ಮಧ್ಯಾಹ್ನ ನಮ್ಮ ಸರತಿ ಬಂದಾಗ ಗೆಲ್ಲಲು ಬಹಳ ರನ್ ಬೇಕಾಗಿತ್ತು. ಮಾಣಿಕಪ್ಪನ ಮುಖದಲ್ಲಿ ಹೊಸ ಆಟದ ಸುಳಿವೇ ಇರಲಿಲ್ಲ. ವೈಜಿನಾಥನ ಹೆಗಲ ಮೇಲೆ ಕೈ ಹಾಕಿ, "ಇವತ್ತ ನಿನ್ನ ಹಳೀ ಆಟಾನೇ ಆಡಪ್ಪ. ತಡಿ. ಸೋಲದಂಗ ಉಳಿದ್ರ ಸಾಕು" ಎಂದ. ಫರ್ಮಾನು ಹೊರಡಿಸಿದವನೇ ಮೊದಲು ಓಡಿಹೋದದ್ದು. ನಾನು ಬಯ್ಯಲು ಬಾಯಿ ತೆರೆದೆ. ವೈಜಿನಾಥ ನನ್ನ ಕೈ ಹಿಡಿದು ಬಯಲಿಗೆ ಎಳೆದುಕೊಂಡು ಹೋದ.

ಹುಣಸೆ ಮರದ ಕೆಳಗೆ ಈರಮ್ಮ ಇಂದು ಆಟದ ಕಡೆಗೆ ಮುಖ ಮಾಡಿ ಕೂತಿದ್ದಳು. ಬಲಗೈ ಸೆರಗಿನೊಳಗೆ ತನ್ನ ಲಿಂಗದ ಮೇಲಿತ್ತು. ಗಂಗಾರಾಮ ಓಡಿ ಬಂದ. ಮೊದಲ ಚೆಂಡೇ ಎದೆಗೆ. ವೈಜಿನಾಥ ತಡೆದ, ಕಪ್ತಾನ ಚಪ್ಪಾಳೆ ತಟ್ಟಿದ. ಆಗ ಮುದುಕಿ ಎದ್ದು ನಿಂತಳು. ಅಷ್ಟು ಜನರ ನಡುವೆ ಹೆಣ್ಣಿನ ದನಿ ಆ ಬಯಲಿನಲ್ಲಿ ಹಿಂದೆಂದೂ ಎದ್ದಿರಲಿಕ್ಕಿಲ್ಲ.

"ಎದಿ ತೆರಿಯೋ ನನ್ನಪ್ಪಾ! ನಾ ನೋಡ್ಲತ್ತೀನಿ!"

ಅವನು ತೆರೆದ. ಆ ದಿನ ಅವನು ಹೊಡೆದದ್ದನ್ನು ನಾನು ಆಚೆ ತುದಿಯಲ್ಲಿ ನಿಂತು ನೋಡಿದೆ. ನಾನು ಔಟಾಗದೆ ಅಷ್ಟು ಹೊತ್ತು ನಿಂತದ್ದೂ ಆವತ್ತೇ, ಆ ಜಾಗ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಜೋಳದ ಹೊಲದಿಂದ ಚೆಂಡು ಹುಡುಕಿ ಹುಡುಕಿ ಅವರಿಗೆ ಸಾಕಾಯಿತು. ಗಂಗಾರಾಮ ಬೆವರು ಒರೆಸಿಕೊಳ್ಳುತ್ತ, ಈ ಲಿಂಗ ಎದೆಯ ಮೇಲೆಯೇ ಇದ್ದರೆ ನಮಗೆ ಛಲೋ ಇತ್ತು ಎಂದ. ಕೊನೆಗೆ ಹೊತ್ತು ಮುಳುಗಿ ಪಂದ್ಯ ಸಮ ಆಯಿತು, ಯಾರೂ ಗೆಲ್ಲಲಿಲ್ಲ. ಮಾಣಿಕಪ್ಪ ಇಂದಿಗೂ ಅದು ತನ್ನ ಉಪಾಯ ಎಂದೇ ಹೇಳುತ್ತಾನೆ.

ಸಂಜೆ ಗಾಡಿ ಹತ್ತುವಾಗ ಈರಮ್ಮ ಮಗನ ಎದೆಯ ಮೇಲೆ, ಮೊದಲು ಕರಡಿಗೆ ಇರುತ್ತಿದ್ದ ಜಾಗದಲ್ಲಿ, ಕೈಯಿಟ್ಟಳು.

"ನಿಮ್ಮಪ್ಪ ಇರಬೇಕಾಗಿತ್ತು" ಎಂದಳು. "ಲಿಂಗ ಹೊಳ್ಯಾಗ ಬೀಳಾಕ ಮೊದಲ ಅವನೂ ಹಿಂಗೇ ಎದಿ ಎತ್ತಿ ನಡೀತಿದ್ದ."

ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಾಡಿ ನಾರಾಯಣಖೇಡದ ದಾರಿ ಹಿಡಿಯಿತು.

ಇದಾಗಿ ಹತ್ತು ವರ್ಷ. ವೈಜಿನಾಥನ ಆಟ ನಿಂತಿದೆ, ಗಾಣ ನಡೆಯುತ್ತಿದೆ. ಅಗಸಿ ಎಣ್ಣೆ ಈಗ ಊರಿನ ಮಕ್ಕಳ ಬ್ಯಾಟುಗಳಿಗೆ ಪುಕ್ಕಟೆ ಹೋಗುತ್ತದೆ. ಈರಮ್ಮನಿಗೆ ಕಣ್ಣು ಮಂಜಾಗಿದೆ, ಕಿವಿ ಚುರುಕು. ಮೊನ್ನೆ ನಾನು ಹೋದಾಗ ದನಿ ಹಿಡಿದು ಕರೆದಳು.

"ಆತ್ಮಾರಾಮ, ನಮ್ಮ ಹುಡುಗ್ರು ಮತ್ತ ವಿಲಾಯತಿಗಿ ಹೊಂಟಾರಂತಲ್ಲ? ಅವರ ಎದಿ ಮ್ಯಾಲೂ ಯಾರರ ಏನರ ಆಣಿ ಹಾಕಿರ್ತಾರ. ಹೋಗಾಕ ಮೊದಲ ಎಲ್ಲಾನೂ ಕಂಕಳಾಗ ಇಟ್ಕೊಂಡು ಹೋಗ್ರಿ ಅಂತ ಹೇಳಿ ಕಳಸು. ಹೊಲಿಗಿ ಬೇಕಾದ್ರ ನೀ ಹಾಕು."

ಹಾಗೇ ಆಗಲಿ ಎಂದು ಒಪ್ಪಿಕೊಂಡು ಬಂದೆ. ತಾರ್ ಬಾಬುವಿಗೆ ಹೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಅಂಗಡಿಗೆ ಬಂದು ಸೂಜಿಗೆ ಎರಡೆಳೆ ದಾರ ಪೋಣಿಸಿ ಇಟ್ಟಿದ್ದೇನೆ.